ಪದರ ನಿಲ್ಲದ ತಿರಾಮಿಸು

ನಾನು ಇಪ್ಪತ್ತಾರು ವರ್ಷ ದುಡಿದ ಕಾರ್ಖಾನೆಯ ಜಾಗದಲ್ಲಿ ಈಗ ಒಂದು ಮಾಲ್ ನಿಂತಿದೆ. ಹೋದ ತಿಂಗಳು ವೈಟ್‌ಫೀಲ್ಡ್ ಕಡೆ ಹೋಗಿದ್ದವನು ಮಳೆಗೆ ಸಿಕ್ಕಿಕೊಂಡು ಅದರೊಳಗೆ ಹೊಕ್ಕೆ. ನಮ್ಮ ಗೇಟಿನ ಪಕ್ಕದ ಬೇವಿನ ಮರವೊಂದನ್ನು ಹಾಗೇ ಉಳಿಸಿದ್ದಾರೆ. ಅಲ್ಲಿಂದ ಹೆಜ್ಜೆ ಹಾಕಿ ನೋಡಿದೆ. ಲೇತ್‌ಗಳಿದ್ದ ಕಡೆ ಬಟ್ಟೆ ಅಂಗಡಿ, ನಾನು ಅಳತೆ ನೋಡುತ್ತಾ ಕೂರುತ್ತಿದ್ದ ಗೇಜ್ ರೂಮಿನ ಮೇಲೆ ಸರಿಯಾಗಿ ಒಂದು ಕಾಫಿ ಅಂಗಡಿ. ಕೂಲಿಂಗ್ ಎಣ್ಣೆಯ ವಾಸನೆ ಇರಬೇಕಾದ ಕಡೆ ಕಾಫಿ ಮತ್ತು ಕೋಕೋ ವಾಸನೆ ಹೊಡೆಯುತ್ತಿತ್ತು. ಗಾಜಿನ ಪೆಟ್ಟಿಗೆಯೊಳಗೆ ತಿರಾಮಿಸು ಸಾಲಾಗಿ ಕೂತಿತ್ತು. ಪ್ರತಿ ತುಂಡಿನಲ್ಲೂ ಪದರಗಳು ಒಂದೇ ದಪ್ಪ, ಅಂಚು ನೇರ, ಎಲ್ಲಿಯೂ ಸೋರಿಲ್ಲ. ನೋಡಿದ ಕೂಡಲೇ ನನಗೆ ಸಿಟ್ಟು ಬಂತು.

ತಿನ್ನುವ ಪದಾರ್ಥದ ಮೇಲೆ ಸಿಟ್ಟು ಮಾಡಬಾರದು ಅಂತ ನಮ್ಮಮ್ಮ ಹೇಳುತ್ತಿದ್ದಳು. ಆದರೆ ಈ ಪದಾರ್ಥಕ್ಕೂ ನನಗೂ ಹಳೇ ಹಗೆ ಇದೆ. ಇಟಲಿಯವರ ಸಿಹಿ ಇದು. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಅದರ ಮೇಲೆ ಕೆನೆಯಂಥ ಚೀಸು, ಮತ್ತೆ ಬಿಸ್ಕತ್ತು, ಮತ್ತೆ ಚೀಸು, ಎಲ್ಲಕ್ಕೂ ಮೇಲೆ ಕೋಕೋ ಪುಡಿ. ಕೇಳುವುದಕ್ಕೆ ಎಷ್ಟು ಸುಲಭ! ಎರಡು ಸಾವಿರದ ಒಂಬತ್ತರ ಮಳೆಗಾಲವನ್ನು ನಾನು ಇಡಿಯಾಗಿ ಇದಕ್ಕೆ ಕೊಟ್ಟಿದ್ದೇನೆ.

ಆ ವರ್ಷ ಎಲ್ಲೋ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದ್ದಕ್ಕೆ ಮಹದೇವಪುರದಲ್ಲಿ ನಮ್ಮ ಲೇತ್‌ಗಳು ನಿಂತವು. ನಾವು ಮಾಡುತ್ತಿದ್ದದ್ದು ಪರದೇಶಕ್ಕೆ ಹೋಗುವ ಪಂಪಿನ ಶಾಫ್ಟ್‌ಗಳು. ಆರ್ಡರ್ ಬರುವವರೆಗೂ ಮನೆಯಲ್ಲಿರಿ, ಕರೆದಾಗ ಬನ್ನಿ ಎಂದು ನೋಟೀಸ್ ಹಚ್ಚಿದರು. ಮಗಳು ತುಮಕೂರಿನ ಹಾಸ್ಟೆಲಿನಲ್ಲಿದ್ದಳು. ಹೆಂಡತಿ ಸುಜಾತ ಹತ್ತಿರದ ಒಂದು ಟೆಕ್ ಪಾರ್ಕಿನೊಳಗೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕ್ರೆಷ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಕಾರ್ಖಾನೆಗೆ ಹತ್ತಿರದ ಹೂಡಿಯ ಹಳೇ ಬೀದಿಯ ಬಾಡಿಗೆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ನಾನೊಬ್ಬನೇ.

ನಾನು ಇನ್‌ಸ್ಪೆಕ್ಟರ್. ಪೊಲೀಸಿನವನಲ್ಲ, ಕ್ವಾಲಿಟಿಯವನು. ಮಷೀನಿನಿಂದ ಬಂದ ಪೀಸನ್ನು ಅಳೆದು, ತಪ್ಪು ಹುಡುಕುವುದು ನನ್ನ ಕಸುಬು. ಆ ಕಸುಬಿಗೆ ಒಂದು ನಿಯಮವಿದೆ. ಪೀಸು ಸರಿಯಿದ್ದರೆ ಅದರ ಮೇಲೆ ಏನೂ ಬರೆಯುವಂತಿಲ್ಲ, ಅದು ಸುಮ್ಮನೆ ಮುಂದಕ್ಕೆ ಹೋಗುತ್ತದೆ. ತಪ್ಪಿದ್ದರೆ ಮಾತ್ರ ಕೆಂಪು ಬಣ್ಣ ಬಳಿದು, ಏನು ತಪ್ಪು ಅಂತ ಚೀಟಿ ಬರೆದು ಕಟ್ಟಬೇಕು. ಇದನ್ನು ನಾನು ಯಾವಾಗ ಮನೆಗೂ ತಂದೆನೋ ಗೊತ್ತಿಲ್ಲ. ಮದುವೆಯಾದಾಗಿನಿಂದ ಹತ್ತೊಂಬತ್ತು ವರ್ಷ ಸುಜಾತ ಬಡಿಸಿ, ಎದುರಿಗೆ ನಿಂತು, "ಹೇಗಿದೆ?" ಎಂದು ಕೇಳುತ್ತಿದ್ದಳು. ಹುಳಿ ಜಾಸ್ತಿಯಾಗಿದ್ದರೆ ಹುಳಿ ಜಾಸ್ತಿ ಅನ್ನುತ್ತಿದ್ದೆ. ಏನೂ ತಪ್ಪಿಲ್ಲದಿದ್ದರೆ, "ತಿಂತಿದೀನಲ್ಲ," ಅನ್ನುತ್ತಿದ್ದೆ. ನನ್ನ ಲೆಕ್ಕದಲ್ಲಿ ಅದು ಪಾಸ್.

ಕೆಲಸವಿಲ್ಲದೆ ಮನೆಯಲ್ಲಿ ಕೂತ ಮೇಲೆ ನನ್ನ ಕಣ್ಣಿಗೆ ಬೇರೆ ಪೀಸು ಸಿಗದೆ, ಅಡುಗೆಮನೆಯೇ ಸಿಕ್ಕಿತು. ಕೊತ್ತಂಬರಿ ಒಂದೇ ಅಳತೆಗೆ ಹೆಚ್ಚಿಲ್ಲ, ದೋಸೆಯ ನಡುವೆ ಬೆಂದಿಲ್ಲ, ಡಬ್ಬಿಯ ಮೇಲೆ ಚೀಟಿ ಇಲ್ಲ. ಆಷಾಢದ ಆರಂಭದಲ್ಲಿ ಒಂದು ಭಾನುವಾರ ಅವಳ ಅಣ್ಣ ಶಿವಣ್ಣ ಊಟಕ್ಕೆ ಬಂದ. ಬೆಳಿಗ್ಗೆ ಐದಕ್ಕೇ ಎದ್ದು ಅವಳು ಒಬ್ಬಟ್ಟು ಮಾಡಿದ್ದಳು. ನಾನು ತಮಾಷೆ ಮಾಡುವ ಹುರುಪಿನಲ್ಲಿ ಒಂದು ಒಬ್ಬಟ್ಟನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. "ನೋಡಿ ಭಾವ, ಅಂಚು ದಪ್ಪ, ನಡುವೆ ತೆಳ್ಳಗೆ. ರಿಜೆಕ್ಟ್!" ಎಂದು ಎಲೆಯ ಪಕ್ಕಕ್ಕೆ ಇಟ್ಟೆ. ಶಿವಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಸುಜಾತ ಆ ಒಬ್ಬಟ್ಟನ್ನು ಎತ್ತಿಕೊಂಡು ಒಳಗೆ ಹೋದಳು, ಊಟ ಮುಗಿಯುವವರೆಗೂ ಹೊರಗೆ ಬರಲಿಲ್ಲ.

ಮರುದಿನ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದಳು. "ಇವತ್ತಿಂದ ಅಡುಗೆ ನಿಮ್ದು. ಮನೇಲೇ ಇರ್ತೀರಲ್ಲ. ನಿಮಗೆ ಸರಿ ಅನ್ಸೋ ಹಾಗೆ ಮಾಡ್ಕೊಳ್ಳಿ."

ಸರಿ, ಮಾಡಿದೆ. ಅದೇನು ಬ್ರಹ್ಮವಿದ್ಯೆಯೇ ಅಂದುಕೊಂಡಿದ್ದೆ. ಮೊದಲ ಸಂಜೆ ಹುರುಳಿಕಾಳಿನ ಸಾರು ಮಾಡಿ, ಬಡಿಸಿ, ಎದುರಿಗೆ ಕೂತೆ. ಅವಳು ತಟ್ಟೆ ನೋಡಿಕೊಂಡು ಊಟ ಮಾಡಿದಳು, ಒಂದು ಮಾತಿಲ್ಲ. ತಡೆಯಲಾಗದೆ, "ಹೇಗಿದೆ?" ಎಂದೆ.

"ತಿಂತಿದೀನಲ್ಲ," ಎಂದಳು.

ಅದು ನನ್ನದೇ ಮಾತು. ಇಷ್ಟು ವರ್ಷ ನಾನು ಅದನ್ನು ಆಡಿದಾಗ ಹೀಗೆ ಕೇಳಿಸುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ಉಪ್ಪು ಬೇಕೆಂದೇ ಜಾಸ್ತಿ ಹಾಕಿ ನೋಡಿದೆ. ನೀರು ಕುಡಿದು ತಿಂದಳೇ ಹೊರತು ಜಾಸ್ತಿ ಅನ್ನಲಿಲ್ಲ. ಬೈದರೆ ಬಯ್ಯಲಿ, ಒಂದು ಮಾತು ಬಂದರೆ ಸಾಕು ಅನ್ನುವ ಸ್ಥಿತಿಗೆ ನಾನು ಹದಿನೈದು ದಿನದಲ್ಲೇ ಬಂದಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಾನು ಎರಡರಲ್ಲೂ ಫೇಲಾದವನು.

ಹೀಗಿರುವಾಗ ಒಂದು ಸಂಜೆ ಅವಳು ಬೇರೆ ಮುಖ ಹೊತ್ತುಕೊಂಡು ಬಂದಳು. ಕ್ರೆಷ್‌ನಲ್ಲಿ ಯಾವುದೋ ಮಗುವಿನ ತಾಯಿ ಹುಟ್ಟುಹಬ್ಬಕ್ಕೆಂದು ತಿರಾಮಿಸು ಹಂಚಿದ್ದಳಂತೆ. ಸಣ್ಣ ಕಪ್ಪು, ಒಂದೊಂದು ಚಮಚ. ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದಳು. "ಮೇಲೆ ಕಹಿ ಕಣೇ, ಕೆಳಗೆ ತಣ್ಣಗೆ ಕೆನೆ, ಅದರ ಕೆಳಗೆ ಕಾಫೀಲಿ ನೆಂದಿರೋ ಬಿಸ್ಕತ್ತು. ಬಾಯಲ್ಲಿಟ್ರೆ ಹಾಗೇ ಕರಗಿಹೋಯ್ತು. ಇನ್ನೊಂದು ಕಪ್ಪು ಕೇಳೋಣ ಅನ್ನಿಸ್ತು, ನಾಚಿಕೆ ಆಯ್ತು." ನನ್ನ ಕಿವಿ ನೆಟ್ಟಗಾಯಿತು. ಈ ಹೆಂಗಸು ತಿಂದದ್ದರ ಬಗ್ಗೆ ಇಷ್ಟು ಮಾತಾಡಬಲ್ಲಳು! ನನ್ನ ಜೊತೆಗೆ ಮಾತ್ರ ಇಲ್ಲ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಕಾಫೀಲಿ ಬಿಸ್ಕತ್ತು ಅದ್ದಿಕೊಂಡು ತಿನ್ನೋದನ್ನ ದಿನಾ ನಾನೂ ಮಾಡ್ತೀನಿ. ಅದಕ್ಕಿಷ್ಟು ದೊಡ್ಡ ಹೆಸರಾ? ನಾನೇ ಮಾಡ್ಕೊಡ್ತೀನಿ ಬಿಡು."

ಅವಳು ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ತಿರುಗಿದಳು. "ಮಾಡಿ. ನೋಡೋಣ."

ಮೂರು ವಾರದಿಂದ ಅವಳು ನನ್ನ ಅಡುಗೆಯ ಬಗ್ಗೆ ಬಾಯಿಬಿಟ್ಟಿರಲಿಲ್ಲ. ಆ 'ನೋಡೋಣ'ವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಇದೊಂದನ್ನು ಸರಿಯಾಗಿ ಮಾಡಿದರೆ ಅವಳು ಮಾತಾಡಲೇಬೇಕು.

ರೈಲ್ವೇ ಗೇಟಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ವಿಧಾನವನ್ನು ಪ್ರಿಂಟ್ ಮಾಡಿಸಿಕೊಂಡು ಬಂದೆ. ಅದರಲ್ಲಿ ಹೇಳಿದ ಬಿಸ್ಕತ್ತೂ ಸಿಗಲಿಲ್ಲ, ಚೀಸೂ ಸಿಗಲಿಲ್ಲ. ಬಿಸ್ಕತ್ತಿಗೆ ಬೇಕರಿಯ ರಸ್ಕ್ ಆಯಿತು. ಚೀಸಿನ ಬದಲು ಗಟ್ಟಿ ಕೆನೆಯನ್ನು ನೊರೆ ಬರುವ ಹಾಗೆ ಕಡೆದು, ಮೊಟ್ಟೆಯ ಹಳದಿಯ ಜೊತೆ ಬೆರೆಸಬಹುದು ಅಂತ ಇನ್ನೊಂದು ಕಡೆ ಬರೆದಿತ್ತು. ಮೊಟ್ಟೆಯ ಹಳದಿಗೆ ಸಕ್ಕರೆ ಹಾಕಿ ಬಿಸಿನೀರಿನ ಮೇಲಿಟ್ಟು ತಿರುಗಿಸಿದೆ. ಉರಿ ಜಾಸ್ತಿಯಾಗಿ ಸಿಹಿ ಆಮ್ಲೆಟ್ ಆಯಿತು. ಇನ್ನೆರಡು ಮೊಟ್ಟೆ ಒಡೆದು ಮತ್ತೆ ಮಾಡಿದೆ. ಕೆನೆ ಕಡೆಯುವುದಕ್ಕೆ ನಮ್ಮಲ್ಲಿ ಇದ್ದದ್ದು ಮಜ್ಜಿಗೆಯ ಕಡಗೋಲು. ಜಗುಲಿಯ ಮೇಲೆ ಕೂತು ಕಡೆದೆ. ಆಷಾಢದ ಗಾಳಿಗೆ ಪ್ರಿಂಟಿನ ಹಾಳೆ ಹಾರಿಹೋಗುತ್ತಿತ್ತು, ಅದನ್ನು ಕಾಲಿನಲ್ಲಿ ಒತ್ತಿಕೊಂಡು ಕಡೆದೆ. ನೊರೆ ಬಂತು, ಗಟ್ಟಿಯಾಯಿತು. ಇನ್ನಷ್ಟು ಗಟ್ಟಿಯಾಗಲಿ ಅಂತ ಇನ್ನಷ್ಟು ಕಡೆದೆ.

ಎದುರು ಮನೆಯ ಮುನಿಯಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ಬಂದು ಇಣುಕಿದಳು. ಹೂಡಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮುದುಕಿ. ಹೊಲ ಇದ್ದಲ್ಲಿ ಪಿಜಿ ಕಟ್ಟಡಗಳು ಎದ್ದಿದ್ದರೂ ಅವುಗಳ ನಡುವೆ ಎರಡು ಹಸು ಉಳಿಸಿಕೊಂಡಿದ್ದಳು.

"ಬೆಣ್ಣೆ ಬಂದದಲ್ಲಪ್ಪ, ಇನ್ನೂ ಯಾಕ್ ಕಡೀತೀಯ?" ಎಂದಳು.

ನೋಡಿದರೆ ನಿಜವಾಗಿಯೂ ಬೆಣ್ಣೆ. ಕಡಗೋಲಿಗೆ ಉಂಡೆಯಾಗಿ ಅಂಟಿಕೊಂಡಿತ್ತು. ಹುಟ್ಟಿದಾಗಿನಿಂದ ಕಡಗೋಲಿನಿಂದ ಬೆಣ್ಣೆ ಬರುವುದನ್ನು ನೋಡಿದವನು, ಬೇರೇನೋ ಬರುತ್ತದೆ ಅಂತ ಕಾದು ಕೂತಿದ್ದೆ. ನನ್ನ ಕಸುಬಿನಲ್ಲಿ ಒಂದು ಕೂದಲೆಳೆ ಜಾಸ್ತಿ ಉಜ್ಜಿದರೆ ಪೀಸು ಸ್ಕ್ರ್ಯಾಪ್ ಅಂತ ಹುಡುಗರಿಗೆಲ್ಲ ಪಾಠ ಹೇಳಿದವನು ನಾನು.

"ಮಜ್ಜಿಗೆ ಚೆಲ್ಬ್ಯಾಡ, ಕುಡಿ, ಒಟ್ಟೆ ತಣ್ಣಗಾಯ್ತದೆ," ಎಂದು ಹೇಳಿ ಅವಳು ಹೋದಳು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಬೆಣ್ಣೆಯನ್ನೇ ಮೊಟ್ಟೆಗೆ ಬೆರೆಸಿ, ರಸ್ಕಿನ ಮೇಲೆ ಬಳಿದು ಸಂಜೆ ಕೊಟ್ಟೆ. ಸುಜಾತ ತಿಂದಳು. ತುಟಿಗೆ ಅಂಟಿದ ಜಿಡ್ಡನ್ನು ಒರೆಸಿಕೊಂಡಳು. ತಟ್ಟೆ ತೊಳೆಯುವಾಗ ಮಾತ್ರ ಅಂದಳು, "ನಾಳಿದ್ದರಿಂದ ಶ್ರಾವಣ. ಮೊಟ್ಟೆ ಒಳಗೆ ತರೋ ಹಾಗಿಲ್ಲ."

ಶ್ರಾವಣದಲ್ಲಿ ನಮ್ಮ ಮನೆಗೆ ಮಾಂಸವಿಲ್ಲ, ಮೊಟ್ಟೆಯಿಲ್ಲ. ಅರ್ಧ ವಿಧಾನವೇ ಹೋಯಿತು. ಬಿಡೋಣ ಅನ್ನಿಸಿತು. ಆದರೆ ಬಿಟ್ಟು ಮಾಡುವುದಾದರೂ ಏನು? ಬೆಳಿಗ್ಗೆ ಅವಳು ಹೋದ ಮೇಲೆ ಗಡಿಯಾರ ನೋಡಿಕೊಂಡು ರಸ್ಕ್ ಅದ್ದುವ ಕೆಲಸಕ್ಕೆ ಕೂತೆ. ಡಿಕಾಕ್ಷನ್‌ನಲ್ಲಿ ಮೂರು ಸೆಕೆಂಡ್ ಇಟ್ಟರೆ ಒಳಗೆ ಒಣಕಲು, ಐದು ಸೆಕೆಂಡಿಗೆ ಮುರಿದು ಲೋಟದ ತಳ ಸೇರುತ್ತಿತ್ತು. ನಾಲ್ಕು ಸೆಕೆಂಡ್ ಅನ್ನುವುದು ಗಡಿಯಾರದಲ್ಲಿತ್ತೇ ಹೊರತು ರಸ್ಕಿಗೆ ಅದು ಗೊತ್ತಿರಲಿಲ್ಲ. ಒಂದು ಪೊಟ್ಟಣದ ರಸ್ಕ್‌ಗಳಲ್ಲೇ ಒಂದಕ್ಕೊಂದು ಹೊಂದಿಕೆಯಿಲ್ಲ. ಇಂಥ ಮಾಲನ್ನು ನಾನು ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದೆ. ಮೇಲಾಗಿ ನಮ್ಮ ಕಾಫಿಪುಡಿಯಲ್ಲಿ ಚಿಕೋರಿ. ಹಾಲು ಬೆರೆಸಿದರೆ ಅದು ಅಮೃತ, ಬರೀ ಡಿಕಾಕ್ಷನ್ ಅನ್ನು ರಸ್ಕಿಗೆ ಕುಡಿಸಿದರೆ ಕಷಾಯ.

ಎರಡನೇ ಶ್ರಾವಣ ಶನಿವಾರದ ಹೊತ್ತಿಗೆ ಮುನಿಯಮ್ಮನ ಹಸು ಕರು ಹಾಕಿತು. ಮೂರನೇ ದಿನ ಅವಳು ಒಂದು ಚೊಂಬು ಗಿಣ್ಣುಹಾಲು ತಂದುಕೊಟ್ಟಳು. ನನ್ನ ತಲೆಯಲ್ಲಿ ದೀಪ ಹತ್ತಿತು. ಮೆತ್ತಗೆ, ಬೆಳ್ಳಗೆ, ಚೂರು ಸಿಹಿ, ಕತ್ತರಿಸಿದರೆ ನಿಲ್ಲಬೇಕು, ಬಾಯಲ್ಲಿ ಕರಗಬೇಕು ಅಂತ ಆ ಚೀಸಿನ ಬಗ್ಗೆ ಹಾಳೆಯಲ್ಲಿ ಬರೆದಿತ್ತಲ್ಲ, ಅದೆಲ್ಲ ಗಿಣ್ಣಿನ ಗುಣವೇ! ಇಟಲಿಯವರಿಗೆ ಗಿಣ್ಣು ಗೊತ್ತಿಲ್ಲದೆ ಒದ್ದಾಡಿದ್ದಾರೆ ಅನ್ನಿಸಿತು. ಬೆಲ್ಲ ಹಾಕದೆ ಸಕ್ಕರೆ ಹಾಕಿ ಹಬೆಯಲ್ಲಿ ಬೇಯಿಸಿದೆ. ಕೆಳಗೆ ರಸ್ಕ್, ಮೇಲೆ ಗಿಣ್ಣು, ಮತ್ತೆ ರಸ್ಕ್, ಮತ್ತೆ ಗಿಣ್ಣು. ತಣ್ಣಗಾದ ಮೇಲೆ ಚಾಕು ಇಳಿಸಿದೆ. ನಿಂತಿತು! ಸ್ಟೀಲ್ ಸ್ಕೇಲ್ ಹಿಡಿದು ನೋಡಿದೆ, ನಾಲ್ಕು ಪದರವೂ ಒಂದೇ ಅಳತೆ. ಆ ಮಧ್ಯಾಹ್ನ ನಾನು ಎಷ್ಟು ಖುಷಿಯಾಗಿದ್ದೆನೆಂದರೆ, ಒಬ್ಬನೇ ಮನೆಯಲ್ಲಿ ಶಿಳ್ಳೆ ಹಾಕಿದೆ.

ಸಂಜೆ ಸುಜಾತ ತಟ್ಟೆಯನ್ನು ನೋಡಿದಳು. ಬಗ್ಗಿ ಮೂಸಿದಳು. ಅವಳ ಮುಖ ಒಂದು ಕ್ಷಣ ಅರಳಿತು, ಆಮೇಲೆ ಮುದುಡಿಕೊಂಡಿತು. ಚಮಚದಿಂದ ಕೋಕೋ ಕೆರೆದು ಪಕ್ಕಕ್ಕಿಟ್ಟಳು, ಕಾಫಿ ತಾಗದ ಗಿಣ್ಣಿನ ಭಾಗವನ್ನು ಹುಡುಕಿ ಹುಡುಕಿ ತಿಂದಳು, ಉಳಿದದ್ದನ್ನು ಮುಚ್ಚಿಟ್ಟಳು. ನಾನು, "ಪದರ ನಿಂತಿದೆ ನೋಡು," ಎಂದೆ. "ಹೂಂ," ಎಂದಳು.

ಮಾರನೇ ದಿನ ಚೊಂಬು ವಾಪಸ್ ಕೊಡಲು ಹೋದೆ. ಬರಿದಾಗಿ ಕೊಡಬಾರದು ಅಂತ ಒಂದು ಹಿಡಿ ಸಕ್ಕರೆ ಹಾಕಿದ್ದೆ. ನಡೆದದ್ದನ್ನೆಲ್ಲ ಹೇಳಿದೆ. ಮುನಿಯಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ನಿನ್ನ! ಅವ್ಳಿಗೆ ಗಿಣ್ಣು ಅಂದ್ರೆ ಪ್ರಾಣ ಕಣಪ್ಪ. ವರ್ಸಾವರ್ಸ ಅಸ ಯಾವಾಗ ಕರ ಆಕ್ತದೆ ಅಂತ ಬಂದ್ ಕೇಳ್ಕಂಡ್ ಓಗ್ತಾಳೆ. ಇಲ್ಲೇ ಕಟ್ಟೆ ಮ್ಯಾಗೆ ಕುಂತ್ಕಂಡು ತಿಂತಾಳೆ. ಅದ್ರ ಮ್ಯಾಕೆ ಕಾಪಿ ಸುರುದ್ಯಾ?"

"ಮನೇಲಿ ಯಾವತ್ತೂ ಮಾಡೇ ಇಲ್ವಲ್ಲ?"

"ನಿಂಗೆ ಅದ್ರ ವಾಸ್ನೆ ಆಗಕಿಲ್ವಂತಲ್ಲ. ನೀನೇ ಯಾವಾಗ್ಲೋ ಅಂದಿದ್ದಂತೆ."

ಅಂದಿದ್ದೆನೋ ಏನೋ, ನನಗೆ ನೆನಪಿಲ್ಲ. ಚೀಟಿ ಬರೆದು ಕಟ್ಟಿದವನಿಗೆ ಎಲ್ಲ ಚೀಟಿಯೂ ನೆನಪಿರುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನನಗೆ ಏನು ಇಷ್ಟವಿಲ್ಲ ಅನ್ನುವುದೆಲ್ಲ ಅವಳಿಗೆ ಬಾಯಿಪಾಠ. ಅವಳಿಗೆ ಏನು ಇಷ್ಟ ಅನ್ನುವುದನ್ನು ನನಗೆ ಎದುರು ಮನೆಯ ಮುದುಕಿ ಹೇಳಬೇಕಾಯಿತು. ಮನೆಗೆ ಬಂದು ಸುಮ್ಮನೆ ಕೂತೆ. ನಾಚಿಕೆಯಾಯಿತು, ಆ ನಾಚಿಕೆಯ ಮೇಲೆ ಮತ್ತೆ ಸಿಟ್ಟೇ ಬಂತು. ನನ್ನ ಮೇಲೋ, ಗಿಣ್ಣಿನ ಮೇಲೋ, ಇಟಲಿಯವರ ಮೇಲೋ ತಿಳಿಯಲಿಲ್ಲ.

ಶ್ರಾವಣದ ಕೊನೆಯ ವಾರ ಕಾರ್ಖಾನೆಯಿಂದ ಫೋನ್ ಬಂತು. ಆರ್ಡರ್ ಬಂದಿದೆ, ಸೋಮವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ಇಷ್ಟು ದಿನ ಆ ಫೋನಿಗೆ ಕಾದಿದ್ದವನಿಗೆ ಈಗ ಗಾಬರಿಯಾಯಿತು. ಸೋಮವಾರದಿಂದ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಒಲೆಯ ಮುಂದೆ ಯಾರಾದರೊಬ್ಬರು ನಿಲ್ಲುತ್ತಾರೆ, ಈ ಮಾತಿಲ್ಲದ ಊಟವೇ ಅಭ್ಯಾಸವಾಗಿ ಮುಂದುವರಿಯುತ್ತದೆ. ಉಳಿದದ್ದು ಒಂದು ಶನಿವಾರ.

ಹಿಂದಿನ ದಿನವೇ ಗಟ್ಟಿ ಮೊಸರನ್ನು ಪಂಚೆಯಲ್ಲಿ ಕಟ್ಟಿ ನೇತುಹಾಕಿದೆ. ಬೆಳಿಗ್ಗೆ ಕೆನೆಯನ್ನು ಮುಳ್ಳುಚಮಚದಲ್ಲಿ ಎಣಿಸಿ ಎಣಿಸಿ ತಿರುಗಿಸಿದೆ, ನೊರೆ ನಿಂತ ಕೂಡಲೇ ಕೈಯೆತ್ತಿದೆ. ಎರಡನ್ನೂ ಸಕ್ಕರೆಯ ಜೊತೆ ಬೆರೆಸಿದೆ. ಚಿಕೋರಿ ಇಲ್ಲದ ಪುಡಿ ಹುಡುಕಿ ತಂದಿದ್ದೆ. ಸ್ಟೀಲ್ ಡಬರಿಯಲ್ಲಿ ಪದರ ಜೋಡಿಸಿ ಫ್ರಿಜ್ಜಿನಲ್ಲಿಟ್ಟಾಗ ಒಂಬತ್ತು ಗಂಟೆ. ಆರು ಗಂಟೆ ತಣ್ಣಗಿದ್ದರೆ ಕೂರುತ್ತದೆ. ಶನಿವಾರ ಅವಳು ಬರುವುದು ಮೂರಕ್ಕೆ. ಎಲ್ಲ ಲೆಕ್ಕ ಸರಿಯಾಗಿತ್ತು.

ಹತ್ತು ಗಂಟೆಗೆ ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್ ಢಮಾರ್ ಎಂದಿತು. ಕರೆಂಟು ಹೋಯಿತು. ಫೋನ್ ಮಾಡಿದರೆ, "ಲೈನ್‌ಮ್ಯಾನ್ ಬರ್ತಾನೆ ಸಾರ್," ಎಂದರು. ಹನ್ನೆರಡಾಯಿತು, ಒಂದಾಯಿತು, ಸೋನೆ ಮಳೆ ಶುರುವಾಯಿತು, ಲೈನ್‌ಮ್ಯಾನ್ ಬರಲಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದು ನೋಡಬಾರದೆಂದು ಗೊತ್ತಿದ್ದೂ ಐದು ಸಲ ತೆಗೆದು ನೋಡಿದೆ. ಎರಡೂವರೆಗೆ ಡಬರಿಯನ್ನು ಹೊರಗೆ ತೆಗೆದು ಚಾಕು ಇಳಿಸಿದೆ. ಕೋಕೋ ಒಳಗೆ ಇಳಿಯಿತು, ಮೊಸರು ಪಕ್ಕಕ್ಕೆ ಹರಿಯಿತು, ರಸ್ಕ್ ಮೇಲಕ್ಕೆ ತೇಲಿ ಬಂತು. ಮಳೆ ಬಿದ್ದ ಹೂಡಿ ರಸ್ತೆಯ ಹಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಡಬರಿ ಎತ್ತಿಕೊಂಡು ಹಿತ್ತಲ ಮೋರಿಗೆ ಸುರಿಯಲು ಹೊರಟೆ. ನಿಜ ಹೇಳುತ್ತೇನೆ, ನನಗೆ ಅಳು ಬಂದಿತ್ತು.

ಬಾಗಿಲಲ್ಲೇ ಸುಜಾತ ಎದುರಾದಳು. ನೆನೆದು ತೊಪ್ಪೆಯಾಗಿದ್ದಳು. ಶ್ರಾವಣ ಶನಿವಾರವೆಂದು ಬೆಳಗಿನಿಂದ ಒಂದು ಲೋಟ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಹಾಕಿರಲಿಲ್ಲ. ನನ್ನ ಕೈಯಿಂದ ಡಬರಿ ತೆಗೆದುಕೊಂಡಳು, ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಳು, ಡಬರಿಯಿಂದಲೇ ಚಮಚ ಹಾಕಿ ತಿನ್ನತೊಡಗಿದಳು. ಹಸಿವಿಗೆ ತಿನ್ನುತ್ತಿದ್ದಾಳೋ ರುಚಿಗೆ ತಿನ್ನುತ್ತಿದ್ದಾಳೋ ಹೇಳುವುದು ಹೇಗೆ? ನಾನು ಎದುರಿಗೆ ನಿಂತು ಒಂದೇ ಉಸಿರಿನಲ್ಲಿ ಹೇಳಿದೆ. "ಪದರ ನಿಂತಿಲ್ಲ. ರಸ್ಕ್ ನೀರು ಕುಡಿದಿದೆ. ಮೊಸರು ಹುಳಿಯಾಗಿದೆ. ಕೋಕೋ ಒಂದೇ ಕಡೆ ಬಿದ್ದಿದೆ. ಕರೆಂಟಿದ್ದಿದ್ದರೆ..."

"ಕೂತ್ಕೊಳ್ಳಿ," ಎಂದಳು.

ಕೂತೆ. ಅವಳು ಒಂದು ಚಮಚ ತುಂಬಿ ನನ್ನ ಬಾಯಿಯ ಹತ್ತಿರ ಹಿಡಿದಳು. ತಿಂದೆ. ಆ ಮಳೆಗಾಲದಲ್ಲಿ ನಾನು ಅದನ್ನು ಬಾಯಿಗಿಟ್ಟದ್ದೇ ಅವತ್ತು ಮೊದಲು. ಅಷ್ಟು ದಿನ ಅಳೆದಿದ್ದೆ, ಕತ್ತರಿಸಿದ್ದೆ, ಅವಳ ಮುಖ ನೋಡಿದ್ದೆ, ತಿಂದಿರಲಿಲ್ಲ. ತಣ್ಣಗೆ, ಹುಳಿ ಹುಳಿಯಾಗಿ, ಕಾಫಿಯ ಕಹಿ ನಾಲಿಗೆಯ ಹಿಂದೆ ಉಳಿಯಿತು.

"ಹೇಗಿದೆ?" ಎಂದು ಕೇಳಿದಳು.

ಎರಡು ತಿಂಗಳಿಂದ ಆ ಪ್ರಶ್ನೆ ಅವಳ ಬಾಯಿಂದ ಬಂದಿರಲಿಲ್ಲ. ಅದನ್ನು ಕೇಳಿಸಿಕೊಂಡ ಸಂತೋಷಕ್ಕೆ ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. "ಚೆನ್ನಾಗಿದೆ," ಎಂದುಬಿಟ್ಟೆ.

ಅವಳು ಚಮಚವನ್ನು ಡಬರಿಯೊಳಗೆ ಇಟ್ಟಳು. ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ, ಸೋತವರ ಹಾಗಿತ್ತು ಮುಖ.

"ಬಂತಲ್ಲ ಬಾಯಿಂದ," ಎಂದಳು. "ಹತ್ತೊಂಬತ್ತು ವರ್ಷ ಆದ್ಮೇಲೆ. ಅದೂ ನಿಮ್ಮ ಅಡುಗೆಗೆ."

ಎದ್ದು ಸೀರೆ ಬದಲಾಯಿಸಲು ಹೋದಳು. ನಾನು ಆ ಡಬರಿಯ ಮುಂದೆ ಕೂತೇ ಇದ್ದೆ. ಅವಳ ಒಬ್ಬಟ್ಟು, ಅವಳ ಸಾರು, ಬಾಣಂತಿಯಾಗಿದ್ದಾಗಲೂ ಎದ್ದು ಕಟ್ಟಿಕೊಟ್ಟ ಡಬ್ಬಿಗಳು, ಒಂದಕ್ಕೂ ಸಿಗದ ಮಾತನ್ನು ನಾನು ಕರಗಿಹೋದ ಮೊಸರು ರಸ್ಕಿಗೆ ಕೊಟ್ಟಿದ್ದೆ. ಕರೆಂಟು ಬಂತು. ಫ್ರಿಜ್ಜು ಸದ್ದು ಮಾಡತೊಡಗಿತು. ಎದ್ದು ಅದನ್ನು ಒದೆಯಬೇಕು ಅನ್ನಿಸಿತು.

ಸೋಮವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮೇಜಿನ ಮೇಲೆ ಡಬ್ಬಿ ಕಟ್ಟಿಟ್ಟಿತ್ತು. ಅದನ್ನು ಎತ್ತಿಕೊಂಡು ಹೊರಟೆ. ಲೇತ್‌ಗಳು ತಿರುಗಿದವು, ಗೇಜ್ ರೂಮಿನ ಧೂಳು ಒರೆಸಿದೆ, ಬೆಳಗ್ಗೆಯೇ ನಾಲ್ಕು ಪೀಸಿಗೆ ಕೆಂಪು ಬಳಿದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಡಬ್ಬಿ ಬಿಚ್ಚಿದೆ. ಚಪಾತಿ, ಹುರುಳಿಕಾಯಿ ಪಲ್ಯ. ಮೊದಲ ತುತ್ತಿಗೇ ತಿಳಿಯಿತು, ಪಲ್ಯಕ್ಕೆ ಉಪ್ಪೇ ಇಲ್ಲ. ನಾಲಿಗೆ ತುದಿಗೆ ಚೀಟಿ ಬಂದು ನಿಂತಿತು. ಪಕ್ಕದವನ ಹತ್ತಿರ ಉಪ್ಪು ಇಸಿದುಕೊಂಡು ಚಿಮುಕಿಸಿ, ಒಂದು ಚೂರೂ ಬಿಡದೆ ತಿಂದೆ.

ಸಂಜೆ ಮನೆಗೆ ಬಂದಾಗ ಅವಳು ಆಗಲೇ ಬಂದಿದ್ದಳು. ಖಾಲಿ ಡಬ್ಬಿ ತೆಗೆದುಕೊಂಡು ನಲ್ಲಿಯ ಕೆಳಗೆ ಹಿಡಿದಳು. ಹೇಗಿತ್ತು ಎಂದು ಕೇಳಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಆ ಮಾತು ಹೊರಗೆ ಬರಲು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

"ಪಲ್ಯ ಚೆನ್ನಾಗಿತ್ತು," ಎಂದೆ.

ಅವಳು ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ.

"ಬೆಳಿಗ್ಗೆ ಆತುರದಲ್ಲಿ ಉಪ್ಪೇ ಹಾಕಿರ್ಲಿಲ್ಲ ಕಣ್ರೀ."

"ಗೊತ್ತು," ಎಂದೆ.